ಬಾಹಾ ಸ್ಪರ್ಧೆಯ ವಾಹನಕ್ಕೆ ಚಾಸಿ ಮತ್ತು ಸಸ್ಪೆನ್ಷನ್ ಆಯ್ದುಕೊಳ್ಳುವ ಕ್ರಮ

ಒರಟು ಹಾದಿಯಲ್ಲಿ ಓಡುವ ಒಂಟಿ ಸೀಟಿನ ವಾಹನವನ್ನು ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ ಕಟ್ಟುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಮೊದಲ ಸಲ ಇಳಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡಗಳು ಸಾಮಾನ್ಯವಾಗಿ ಕೆಲಸ ಆರಂಭಿಸುವುದು ವಾಹನ ಮಗುಚಿದಾಗ ಚಾಲಕನನ್ನು ಕಾಯುವ ರೋಲ್ ಕೇಜ್‌ನಿಂದ. ಕಂಪ್ಯೂಟರಿನ ಪರದೆಯ ಮೇಲೆ ಪೈಪುಗಳ ಪಂಜರವೊಂದು ಅಚ್ಚುಕಟ್ಟಾಗಿ ಮೂಡುತ್ತದೆ, ನಿಯಮ ಪುಸ್ತಕದ ಅಳತೆಗಳಿಗೂ ಹೊಂದುತ್ತದೆ. ಅದೆಲ್ಲ ಮುಗಿದ ಮೇಲೆ ಸಸ್ಪೆನ್ಷನ್ ನೋಡಿಕೊಳ್ಳುವವರನ್ನು ಕರೆದು, ಚಕ್ರಗಳನ್ನು ವಾಹನಕ್ಕೆ ಹಿಡಿಯುವ ಎ-ಆರ್ಮ್‌ಗಳನ್ನು ಎಲ್ಲಿ ಕೂರಿಸುತ್ತೀರಿ ಎಂದು ಕೇಳುತ್ತಾರೆ. ಆ ಹೊತ್ತಿಗೆ ಶಾಕ್‌ನ (ಶಾಕ್ ಅಬ್ಸಾರ್ಬರ್‌ನ) ಮೇಲ್ತುದಿ ಬರಬೇಕಾದ ಜಾಗದಲ್ಲಿ ಪೈಪು ಇರುವುದಿಲ್ಲ. ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಹಾದುಹೋಗಬೇಕಾದ ಜಾಗದಲ್ಲಿ ಪೈಪು ಅಡ್ಡ ನಿಂತಿರುತ್ತದೆ. ಆಮೇಲೆ ನಡೆಯುವುದೆಲ್ಲ ಹೊಂದಾಣಿಕೆ: ಉದ್ದನೆಯ ಬ್ರ್ಯಾಕೆಟ್, ಪೈಪಿನ ನಡುಮಧ್ಯಕ್ಕೆ ಬೆಸೆದ ಶಾಕ್ ಮೌಂಟ್, ಬೇಕಾದದ್ದಕ್ಕಿಂತ ಕಡಿಮೆ ಚಲನೆ.

ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದೇ ಈ ಲೇಖನದ ಮುಖ್ಯ ಮಾತು. ನೆಲದಿಂದ ಟೈರಿಗೆ, ಟೈರಿನಿಂದ ಚಕ್ರದ ನಡುವಿನ ಹಬ್‌ಗೆ, ಹಬ್‌ನಿಂದ ಆರ್ಮ್‌ಗಳಿಗೆ, ಆರ್ಮ್‌ಗಳಿಂದ ಚಾಸಿಯ ಮೇಲಿನ ಬಿಂದುಗಳಿಗೆ ಬರಬೇಕು. ಆ ಬಿಂದುಗಳನ್ನೂ ಚಾಲಕನ ದೇಹವನ್ನೂ ಒಟ್ಟಿಗೆ ಹಿಡಿದಿಡುವ ಪೈಪುಗಳ ಜೋಡಣೆಯೇ ಚಾಸಿ. ಮುಂದಿನ ಹಂತಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಸ್ಪರ್ಧೆ ಏನನ್ನು ಕೇಳುತ್ತದೆ

1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಈ ಸ್ಪರ್ಧೆಯ ಭಾರತೀಯ ರೂಪ 2007ರಲ್ಲಿ ಶುರುವಾಯಿತು. ಮಧ್ಯಪ್ರದೇಶದ ಪೀಥಂಪುರದಲ್ಲಿರುವ ನ್ಯಾಟ್ರ್ಯಾಕ್ಸ್ ಪರೀಕ್ಷಾ ಕೇಂದ್ರ ಅದರ ಪ್ರಮುಖ ನೆಲೆ. ಪೆಟ್ರೋಲ್ ವಿಭಾಗದಲ್ಲಿ ಎಲ್ಲ ತಂಡಗಳಿಗೂ ಒಂದೇ ಎಂಜಿನ್, ಬಹುಕಾಲ ಅದು 305 ಸಿಸಿಯ ಸುಮಾರು 10 ಅಶ್ವಶಕ್ತಿಯ ಒಂಟಿ ಸಿಲಿಂಡರ್ ಎಂಜಿನ್ ಆಗಿತ್ತು. 2015ರಿಂದ ಬ್ಯಾಟರಿ ವಾಹನಗಳ ವಿಭಾಗವೂ ಇದೆ. ವೇಗವರ್ಧನೆ, ಏರು ಹತ್ತುವಿಕೆ, ತಿರುವುಗಳ ನಿರ್ವಹಣೆ, ಸಸ್ಪೆನ್ಷನ್ ಪರೀಕ್ಷೆ, ಕೊನೆಗೆ ಎಲ್ಲ ವಾಹನಗಳೂ ಒಂದೇ ಹಾದಿಗಿಳಿಯುವ ನಾಲ್ಕು ಗಂಟೆಗಳ ಎಂಡ್ಯೂರೆನ್ಸ್ ಓಟ, ಇಷ್ಟನ್ನೂ ಒಂದೇ ವಾಹನ ನಿಭಾಯಿಸಬೇಕು.

ಎಂಜಿನ್ ಎಲ್ಲರಿಗೂ ಒಂದೇ ಆದಾಗ ತಂಡದ ಕೈಯಲ್ಲಿ ಉಳಿಯುವುದು ತೂಕ ಮತ್ತು ನೆಲದ ಮೇಲಿನ ಹಿಡಿತ. ನಾಲ್ಕು ಗಂಟೆಗಳ ಓಟ ಇರುವುದರಿಂದ ಮೂರನೆಯದೊಂದು ಗುಣವೂ ಸೇರುತ್ತದೆ: ಬಾಗಿದ ಆರ್ಮ್ ಅನ್ನು ಪಿಟ್‌ನಲ್ಲಿ ಎರಡು ಸ್ಪ್ಯಾನರ್‌ಗಳಿಂದ ಬದಲಿಸಲು ಆಗಬೇಕು. ಆಯ್ಕೆಯ ಪ್ರತಿ ಹಂತದಲ್ಲೂ ಈ ಮೂರನ್ನು ಮುಂದಿಟ್ಟುಕೊಂಡು ತೂಗಿ ನೋಡಿ. ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ, ಇಲ್ಲಿ ಕೊಟ್ಟಿರುವ ನಿಯಮದ ಅಳತೆಗಳನ್ನು ನಿಮ್ಮ ವರ್ಷದ ನಿಯಮ ಪುಸ್ತಕದೊಂದಿಗೆ ಹೋಲಿಸಿಕೊಂಡೇ ಬಳಸಿ.

ಮೊದಲ ಹಂತ: ಟೈರು, ಅಗಲ, ವೀಲ್‌ಬೇಸ್

ವಾಹನದ ಒಟ್ಟು ಅಗಲ 1,626 ಮಿ.ಮೀ. ದಾಟುವಂತಿಲ್ಲ ಎಂಬುದು ಬಾಹಾ ನಿಯಮಗಳಲ್ಲಿ ಬಹುಕಾಲದಿಂದ ಇರುವ ಮಿತಿ. ಟೈರಿನ ಅಗಲ 7 ಇಂಚು, ಅಂದರೆ 178 ಮಿ.ಮೀ. ಎಂದಿಟ್ಟುಕೊಂಡರೆ, ಎರಡು ಟೈರುಗಳ ಮಧ್ಯರೇಖೆಗಳ ನಡುವಿನ ಅಂತರ ಹೆಚ್ಚೆಂದರೆ 1,448 ಮಿ.ಮೀ. ಆಗಬಹುದು. ಗಾಳಿ ತುಂಬಿದ ಟೈರು ಹೇಳಿದ ಅಗಲಕ್ಕಿಂತ ತುಸು ಉಬ್ಬುತ್ತದೆ, ವೆಲ್ಡಿಂಗ್‌ನಲ್ಲಿ ಆರ್ಮ್ ಒಂದೆರಡು ಮಿಲಿಮೀಟರ್ ಸರಿಯುತ್ತದೆ. ಆದ್ದರಿಂದ 1,400 ಮಿ.ಮೀ. ಆಸುಪಾಸಿನಲ್ಲಿ ನಿಲ್ಲುವುದು ಕ್ಷೇಮ. ತಪಾಸಣೆಯ ದಿನ 5 ಮಿ.ಮೀ. ಹೆಚ್ಚಾಯಿತೆಂದು ಆರ್ಮ್ ಕತ್ತರಿಸುವ ಪರಿಸ್ಥಿತಿ ಯಾರಿಗೂ ಬರಬಾರದು.

ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ಕೇಂದ್ರಗಳ ನಡುವಿನ ಅಂತರದ ವಿಷಯದಲ್ಲಿ ಎಳೆದಾಟ ಹೆಚ್ಚು. ಚಿಕ್ಕದಾದರೆ ಇಕ್ಕಟ್ಟಿನ ತಿರುವಿನಲ್ಲಿ ವಾಹನ ಸಲೀಸಾಗಿ ತಿರುಗುತ್ತದೆ, ಆದರೆ ಏರಿನಲ್ಲಿ ಮುಂದಿನ ಚಕ್ರಗಳು ಹಗುರವಾಗುತ್ತವೆ. ಇದನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕಿ ನೋಡಬಹುದು. ಗುರುತ್ವ ಕೇಂದ್ರದ ಎತ್ತರ 500 ಮಿ.ಮೀ., ವೀಲ್‌ಬೇಸ್ 1,400 ಮಿ.ಮೀ., ಸಮತಟ್ಟಿನಲ್ಲಿ ಮುಂದಿನ ಚಕ್ರಗಳ ಮೇಲೆ 42 ಶೇಕಡಾ ಭಾರ ಎಂದಿರಲಿ. 30 ಡಿಗ್ರಿ ಏರಿನಲ್ಲಿ ಹಿಂದಕ್ಕೆ ಸರಿಯುವ ಪಾಲು, ಎತ್ತರವನ್ನು ವೀಲ್‌ಬೇಸ್‌ನಿಂದ ಭಾಗಿಸಿ ಇಳಿಜಾರಿನ ಟ್ಯಾಂಜೆಂಟ್‌ನಿಂದ ಗುಣಿಸಿದಷ್ಟು, ಅಂದರೆ ಸುಮಾರು 21 ಶೇಕಡಾ. ಮುಂದಿನ ಚಕ್ರಗಳಲ್ಲಿ ಉಳಿಯುವುದು ಮೊದಲಿನ ಅರ್ಧ ಮಾತ್ರ, ಅದೂ ವಾಹನ ನಿಂತಿರುವಾಗ. ಇದೇ ಲೆಕ್ಕದಲ್ಲಿ ಗುರುತ್ವ ಕೇಂದ್ರವನ್ನು 50 ಮಿ.ಮೀ. ಕೆಳಗಿಳಿಸಿದರೆ ಸಿಗುವ ಲಾಭ, ವೀಲ್‌ಬೇಸನ್ನು 100 ಮಿ.ಮೀ. ಹಿಗ್ಗಿಸಿದರೆ ಸಿಗುವ ಲಾಭಕ್ಕಿಂತ ಹೆಚ್ಚು ಎಂಬುದು ಕಾಣುತ್ತದೆ. ಚಾಲಕನ ಸೀಟನ್ನೂ ಎಂಜಿನ್ನನ್ನೂ ಎಷ್ಟು ಕೆಳಗೆ ಇಡಲು ಸಾಧ್ಯವೋ ಅಷ್ಟು ಕೆಳಗೆ ಇಡುವ ಪ್ರಯತ್ನವನ್ನು ಈ ಹಂತದಲ್ಲೇ ಮಾಡಬೇಕು.

ಎರಡನೆಯ ಹಂತ: ಮುಂದೆ ಯಾವ ಸಸ್ಪೆನ್ಷನ್, ಹಿಂದೆ ಯಾವುದು

ಮುಂಭಾಗಕ್ಕೆ ಹೆಚ್ಚು ಚರ್ಚೆ ಬೇಕಿಲ್ಲ. ಮೇಲೊಂದು ಕೆಳಗೊಂದು ಆರ್ಮ್ ಇರುವ ಡಬಲ್ ವಿಶ್‌ಬೋನ್ ಈ ಗಾತ್ರದ ವಾಹನಕ್ಕೆ ಚೆನ್ನಾಗಿ ಒಗ್ಗುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ಅದರ ವಾಲಿಕೆಯನ್ನು ಹತೋಟಿಯಲ್ಲಿಡುತ್ತದೆ, ಪೈಪು ಮತ್ತು ಬುಶ್‌ಗಳಿಂದ ಕಾಲೇಜಿನ ವರ್ಕ್‌ಶಾಪಿನಲ್ಲೇ ತಯಾರಾಗುತ್ತದೆ. ಇಲ್ಲಿ ಎಚ್ಚರ ಬೇಕಿರುವುದು ನಕಲ್, ಅಂದರೆ ಹಬ್ ಅನ್ನು ಹೊತ್ತು ಆರ್ಮ್‌ಗಳಿಗೆ ಸೇರುವ ಭಾಗದ ಆಯ್ಕೆಯಲ್ಲಿ. ಮಾರುತಿ 800ರ ನಕಲ್ ಅಗ್ಗ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ, ಬೇರಿಂಗ್ ಮತ್ತು ಹಬ್ ಜೊತೆಗೇ ಬರುತ್ತವೆ. ಆದರೆ ಆ ನಕಲ್ ಮಾಡಿರುವುದು, ಶಾಕೇ ಮೇಲಿನ ಆರ್ಮ್‌ನ ಕೆಲಸವನ್ನೂ ಮಾಡುವ ಸ್ಟ್ರಟ್ ಸಸ್ಪೆನ್ಷನ್‌ಗೆ. ಅದರ ಕೆಳಭಾಗದಲ್ಲಿ ಬಾಲ್ ಜಾಯಿಂಟ್‌ಗೆ (ಎಲ್ಲ ದಿಕ್ಕಿಗೂ ಆಡುವ ಗುಂಡು ಕೀಲಿಗೆ) ಜಾಗವಿದೆ, ಮೇಲ್ಭಾಗದಲ್ಲಿ ಸ್ಟ್ರಟ್ ಹಿಡಿಯುವ ಎರಡು ಬೋಲ್ಟ್ ತೂತುಗಳಿವೆ. ಡಬಲ್ ವಿಶ್‌ಬೋನ್‌ಗೆ ಬಳಸಬೇಕೆಂದರೆ ಆ ಎರಡು ತೂತುಗಳಿಗೆ ಕಚ್ಚುವ ಒಂದು ಅಡಾಪ್ಟರ್ ಮಾಡಿ, ಅದರ ತುದಿಯಲ್ಲಿ ಮೇಲಿನ ಬಾಲ್ ಜಾಯಿಂಟ್ ಕೂರಿಸಬೇಕು. ಎರಡು ಬಾಲ್ ಜಾಯಿಂಟ್‌ಗಳನ್ನು ಸೇರಿಸುವ ಕಿಂಗ್‌ಪಿನ್ ರೇಖೆ ಎಲ್ಲಿ ಹಾದು ನೆಲವನ್ನು ಮುಟ್ಟುತ್ತದೆ ಎಂಬುದನ್ನು ಈ ಅಡಾಪ್ಟರ್ ತೀರ್ಮಾನಿಸುತ್ತದೆ. ಅದನ್ನು ಆರ್ಮ್‌ಗಳಿಗಿಂತ ಮೊದಲು ವಿನ್ಯಾಸ ಮಾಡಿ. ದಪ್ಪನೆಯ ತಗಡನ್ನು ಮಡಿಸಿ ಮಾಡಿದ ಅಡಾಪ್ಟರ್ ಮೊದಲ ಗಟ್ಟಿ ಹೊಡೆತಕ್ಕೇ ತೆರೆದುಕೊಳ್ಳುವ ಸಂಭವ ಹೆಚ್ಚು. ಹಣ ಮತ್ತು ಸಿಎನ್‌ಸಿ ಯಂತ್ರ ಎರಡೂ ಒದಗಿದರೆ ನಕಲನ್ನೇ ಅಲ್ಯೂಮಿನಿಯಂನಲ್ಲಿ ಕೊರೆಸುವುದು ಒಳ್ಳೆಯದು, ಪ್ರತಿ ಚಕ್ರದಲ್ಲೂ ಗಣನೀಯ ತೂಕ ಉಳಿಯುತ್ತದೆ.

ಹಿಂಭಾಗದಲ್ಲಿ ನಿಜವಾದ ಆಯ್ಕೆ ಇದೆ. ಚಾಸಿಯ ಕೀಲುಗಳಿಂದ ಓರೆಯಾಗಿ ಹಿಂದಕ್ಕೆ ಚಾಚಿ ಚಕ್ರವನ್ನು ಹಿಡಿಯುವ ಸೆಮಿ-ಟ್ರೇಲಿಂಗ್ ಆರ್ಮ್‌ನಲ್ಲಿ ಭಾಗಗಳು ಕಡಿಮೆ, ಜಾಗ ಕಡಿಮೆ. ಆದರೆ ಚಕ್ರಕ್ಕೆ ಬೀಳುವ ಹೊಡೆತವೆಲ್ಲ ಆರ್ಮ್‌ನ ಮುಂದಿನ ಎರಡು ಕೀಲುಗಳ ಮೇಲೆ ಬರುವುದರಿಂದ ಆರ್ಮ್ ಭಾರವಾಗಿಯೇ ಇರಬೇಕಾಗುತ್ತದೆ, ಚಕ್ರ ಮೇಲೇರಿದಂತೆ ಅದರ ದಿಕ್ಕೂ ಬದಲಾಗುತ್ತದೆ. ಎಚ್-ಆರ್ಮ್ ವ್ಯವಸ್ಥೆಯಲ್ಲಿ ಕೆಳಗೊಂದು ಅಗಲವಾದ ಆರ್ಮ್ ಚಕ್ರದ ದಿಕ್ಕನ್ನು ಕಾಯುತ್ತದೆ, ಮೇಲಿನ ಒಂದೇ ಲಿಂಕ್ ವಾಲಿಕೆಯನ್ನು ಕಾಯುತ್ತದೆ. ಆ ಲಿಂಕ್‌ನ ಉದ್ದವನ್ನು ತಿರುಪಿನಿಂದ ಹೊಂದಿಸಬಹುದು. ಡಬಲ್ ವಿಶ್‌ಬೋನ್ ಅನ್ನು ಹಿಂದೆಯೂ ಬಳಸಬಹುದು, ಆಗ ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಎರಡು ಆರ್ಮ್‌ಗಳ ನಡುವೆ ಹೋಗುವುದರಿಂದ ಶಾಕ್‌ಗೆ ಜಾಗ ಹುಡುಕುವುದು ಕಷ್ಟವಾಗುತ್ತದೆ, ಜೊತೆಗೆ ಚಕ್ರ ಎಡಬಲಕ್ಕೆ ತಿರುಗದಂತೆ ಹಿಡಿಯಲು ಮತ್ತೊಂದು ಲಿಂಕ್ ಬೇಕಾಗುತ್ತದೆ. ಮೊದಲ ಅಥವಾ ಎರಡನೆಯ ವಾಹನ ಕಟ್ಟುತ್ತಿರುವ ತಂಡಕ್ಕೆ ನಾನು ನಿಸ್ಸಂಕೋಚವಾಗಿ ಎಚ್-ಆರ್ಮ್ ಸೂಚಿಸುತ್ತೇನೆ. ಅದರಲ್ಲಿ ಜಿಗ್ (ಬೆಸೆಯುವಾಗ ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು) ಮಾಡುವುದು ಸುಲಭ, ತಪ್ಪನ್ನು ಅಳೆದು ಸರಿಪಡಿಸುವುದೂ ಸುಲಭ.

ಯಾವುದನ್ನೇ ಆರಿಸಿದರೂ ಹಿಂದಿನ ಚಕ್ರದ ಚಲನೆಗೆ ಮೇಲ್ಮಿತಿ ಹಾಕುವುದು ಡ್ರೈವ್ ಶಾಫ್ಟ್. ಶಾಫ್ಟ್ ಓರೆಯಾದಾಗಲೂ ಶಕ್ತಿ ದಾಟಿಸುವ ಎರಡು ಸಿ.ವಿ. ಜಾಯಿಂಟ್‌ಗಳ ಕೇಂದ್ರಗಳ ನಡುವೆ 400 ಮಿ.ಮೀ. ಇದ್ದು, ಗೇರ್‌ಬಾಕ್ಸ್ ಕಡೆಯ ಜಾಯಿಂಟ್ 20 ಡಿಗ್ರಿಯವರೆಗೆ ನಿರಾತಂಕವಾಗಿ ತಿರುಗುತ್ತದೆ ಎಂದಾದರೆ, ಶಾಫ್ಟ್ ಸಮತಟ್ಟಾಗಿರುವ ಸ್ಥಿತಿಯಿಂದ ಮೇಲಕ್ಕೆ 137 ಮಿ.ಮೀ., ಕೆಳಕ್ಕೆ 137 ಮಿ.ಮೀ. ಮಾತ್ರ ಸಿಗುತ್ತದೆ. ಗೇರ್‌ಬಾಕ್ಸ್‌ನ ಎತ್ತರವನ್ನು ಟ್ರಾನ್ಸ್‌ಮಿಷನ್ ತಂಡ ತನ್ನ ಪಾಡಿಗೆ ತಾನು ತೀರ್ಮಾನಿಸಿದರೆ ಈ ಲೆಕ್ಕ ಕೆಡುತ್ತದೆ. ಎರಡೂ ತಂಡಗಳು ಒಂದೇ ಮೇಜಿನ ಸುತ್ತ ಕೂತು ಈ ಒಂದು ಸಂಖ್ಯೆಗೆ ಒಪ್ಪಿಗೆ ಕೊಟ್ಟ ಮೇಲೆಯೇ ಮುಂದುವರಿಯಬೇಕು.

ಮೂರನೆಯ ಹಂತ: ಸ್ಪ್ರಿಂಗ್ ಮತ್ತು ಶಾಕ್

ಬಹಳಷ್ಟು ತಂಡಗಳು ಇಲ್ಲಿ ಲೆಕ್ಕ ಬಿಟ್ಟು, ಪೇಟೆಯಲ್ಲಿ ಸಿಕ್ಕ ಮೋಟರ್‌ಸೈಕಲ್ ಮಾನೊಶಾಕ್‌ಗಳನ್ನು (ಹಿಂದಿನ ಚಕ್ರದ ಒಂಟಿ ಶಾಕ್‌ಗಳನ್ನು) ಹಾಕಿಬಿಡುತ್ತವೆ. ಆ ಶಾಕ್ ತಪ್ಪು ಎಂದೇನಲ್ಲ. ಅದು ನಿಮ್ಮ ಚಕ್ರಕ್ಕೆ ಎಷ್ಟು ಗಡುಸು ಎಂಬುದು ತಿಳಿಯದೆ ಹಾಕುವುದು ತಪ್ಪು. ಆದ್ದರಿಂದ ಒಂದು ಮುಂದಿನ ಚಕ್ರದ ಲೆಕ್ಕವನ್ನು ಪೂರ್ತಿಯಾಗಿ ಮಾಡಿ ತೋರಿಸುತ್ತೇನೆ.

ವಾಹನ 170 ಕೆ.ಜಿ., ಚಾಲಕ 75 ಕೆ.ಜಿ., ಒಟ್ಟು 245 ಕೆ.ಜಿ. ಎಂದಿರಲಿ. ಅದರ 42 ಶೇಕಡಾ ಮುಂದಿನ ಎರಡು ಚಕ್ರಗಳ ಮೇಲೆ, ಅಂದರೆ ಒಂದು ಚಕ್ರದ ಮೇಲೆ ಸುಮಾರು 51.5 ಕೆ.ಜಿ. ಅದರಲ್ಲಿ ಟೈರು, ರಿಮ್, ಹಬ್, ಬ್ರೇಕ್, ಆರ್ಮ್‌ನ ಅರ್ಧ ಸೇರಿ ಸುಮಾರು 11.5 ಕೆ.ಜಿ. ಸ್ಪ್ರಿಂಗ್‌ನ ಕೆಳಗೆ ಇರುತ್ತದೆ. ಸ್ಪ್ರಿಂಗ್ ಹೊರುವುದು 40 ಕೆ.ಜಿ. ಕಲ್ಲುಮಣ್ಣಿನ ಹಾದಿಯಲ್ಲಿ ಮುಂಭಾಗ ಸೆಕೆಂಡಿಗೆ ಒಂದೂವರೆ ಸಲ ತೂಗುವಂತೆ, ಅಂದರೆ 1.5 ಹರ್ಟ್ಸ್ ಆವೃತ್ತಿಗೆ ಗುರಿ ಇಟ್ಟರೆ, ಆವೃತ್ತಿಯನ್ನು ಪೈನ ಎರಡರಷ್ಟರಿಂದ ಗುಣಿಸಿ, ಬಂದದ್ದನ್ನು ವರ್ಗ ಮಾಡಿ, 40ರಿಂದ ಗುಣಿಸಬೇಕು. ಅದು ಮೀಟರಿನ ಲೆಕ್ಕ, 1,000ದಿಂದ ಭಾಗಿಸಿದರೆ ಚಕ್ರದ ಬಳಿ ಬೇಕಾದ ಗಡುಸುತನ ಮಿಲಿಮೀಟರಿಗೆ 3.55 ನ್ಯೂಟನ್ ಎಂದು ಬರುತ್ತದೆ.

ಶಾಕ್ ಇರುವುದು ಚಕ್ರದ ಬಳಿ ಅಲ್ಲ, ಆರ್ಮ್‌ನ ಮೇಲೆಲ್ಲೋ ಒಂದು ಕಡೆ. ಆರ್ಮ್‌ನ ಉದ್ದದ 70 ಶೇಕಡಾ ದೂರದಲ್ಲಿ ಅದನ್ನು ಹಿಡಿಸಿ, ಆರ್ಮ್‌ಗೆ ಲಂಬವಾದ ರೇಖೆಯಿಂದ 30 ಡಿಗ್ರಿ ಒಳಕ್ಕೆ ವಾಲಿಸಿದರೆ, ಚಕ್ರ 10 ಮಿ.ಮೀ. ಏರಿದಾಗ ಶಾಕ್ ಕುಗ್ಗುವುದು ಸುಮಾರು 6 ಮಿ.ಮೀ. ಈ 0.6 ಎಂಬುದೇ ಮೋಷನ್ ರೇಷಿಯೊ. ಸ್ಪ್ರಿಂಗ್‌ನ ಗಡುಸುತನ ತಿಳಿಯಲು ಚಕ್ರದ ಬಳಿಯ ಗಡುಸುತನವನ್ನು 0.6ರ ವರ್ಗದಿಂದ, ಅಂದರೆ 0.36ರಿಂದ ಭಾಗಿಸಬೇಕು, ಬರುವುದು ಮಿಲಿಮೀಟರಿಗೆ ಸುಮಾರು 9.9 ನ್ಯೂಟನ್. ವರ್ಗ ಮಾಡುವುದನ್ನು ಮರೆತು ಬರೀ 0.6ರಿಂದ ಭಾಗಿಸಿದರೆ 5.9 ಬರುತ್ತದೆ, ಆ ಸ್ಪ್ರಿಂಗ್ ಹಾಕಿದ ವಾಹನ ಚಾಲಕ ಕೂತ ಕೂಡಲೇ ಬಹಳಷ್ಟು ಕುಸಿದು, ಸಣ್ಣ ಉಬ್ಬಿಗೂ ತಳ ಹಿಡಿಯುತ್ತದೆ.

ಈ ಲೆಕ್ಕವೇ ವಾಹನದ ನಿಲುವನ್ನೂ ಹೇಳುತ್ತದೆ. 40 ಕೆ.ಜಿ. ಭಾರಕ್ಕೆ ಚಕ್ರ 110 ಮಿ.ಮೀ. ಮೇಲೇರಿ ನಿಲ್ಲುತ್ತದೆ. ಒಟ್ಟು 250 ಮಿ.ಮೀ. ಚಲನೆ ಬೇಕೆಂದರೆ ಅದರಲ್ಲಿ 110 ಮಿ.ಮೀ. ಕೆಳಮುಖ ಚಲನೆಗೆ, ಉಳಿದ 140 ಮಿ.ಮೀ. ಉಬ್ಬುಗಳನ್ನು ನುಂಗಲು. ಶಾಕ್‌ನ ಸ್ಟ್ರೋಕ್ (ಅದು ಕುಗ್ಗಬಲ್ಲ ದೂರ) 250ರ 0.6 ಪಾಲು, ಅಂದರೆ 150 ಮಿ.ಮೀ. ಇರಬೇಕು. ಅಂಗಡಿಗೆ ಹೋಗುವಾಗ ಗಡುಸುತನ ಮತ್ತು ಸ್ಟ್ರೋಕ್ ಎರಡೂ ಚೀಟಿಯಲ್ಲಿ ಬರೆದಿರಬೇಕು. ಮೋಟರ್‌ಸೈಕಲ್ ಮಾನೊಶಾಕ್‌ಗಳು ಈ ಹಗುರ ವಾಹನಕ್ಕೆ ಹೆಚ್ಚಾಗಿ ಹೊಂದದಿರುವುದು ಈ ಎರಡು ಕಾರಣಗಳಿಂದಲೇ: ಗಡುಸು ಬಹಳ ಹೆಚ್ಚು, ಸ್ಟ್ರೋಕ್ ಬಹಳ ಕಡಿಮೆ.

ಸ್ಪ್ರಿಂಗ್ ಅನ್ನು ಹೇಳಿ ಮಾಡಿಸುವುದಾದರೆ, 8 ಮಿ.ಮೀ. ತಂತಿ, 70 ಮಿ.ಮೀ. ಸರಾಸರಿ ವ್ಯಾಸ, ಕೆಲಸ ಮಾಡುವ 12 ಸುತ್ತುಗಳು ಎಂದು ಕೊಟ್ಟರೆ ಮಿಲಿಮೀಟರಿಗೆ 9.8 ನ್ಯೂಟನ್ ಸಿಗುತ್ತದೆ. ಎರಡು ತುದಿಗಳ ಸುತ್ತುಗಳನ್ನೂ ಸೇರಿಸಿದರೆ ಪೂರ್ತಿ ಕುಗ್ಗಿದಾಗ ಅದರ ಎತ್ತರ 112 ಮಿ.ಮೀ.; ಅದಕ್ಕೆ 150 ಮಿ.ಮೀ. ಸ್ಟ್ರೋಕ್ ಮತ್ತು ಒಂದಿಷ್ಟು ಅಂತರ ಸೇರಿಸಿ ಭಾರವಿಲ್ಲದಾಗಿನ ಉದ್ದವನ್ನು ಸುಮಾರು 280 ಮಿ.ಮೀ. ಇಡಬೇಕು. ಸ್ಪ್ರಿಂಗ್ ಕೈಗೆ ಬಂದ ಕೂಡಲೇ ತಂತಿಯನ್ನು ವರ್ನಿಯರ್‌ನಿಂದ ಅಳೆಯಿರಿ. ಗಡುಸುತನ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಬದಲಾಗುವುದರಿಂದ, 8ರ ಬದಲು 8.5 ಮಿ.ಮೀ. ತಂತಿ ಬಂದಿದ್ದರೆ ಸ್ಪ್ರಿಂಗ್ 27 ಶೇಕಡಾ ಗಡುಸಾಗಿರುತ್ತದೆ. ಕಣ್ಣಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ.

ಹಿಂದಿನ ಚಕ್ರಗಳಿಗೂ ಇದೇ ದಾರಿ, ಆದರೆ ಗುರಿಯನ್ನು 1.7 ಹರ್ಟ್ಸ್ ಸುಮಾರಿಗೆ ಏರಿಸಿ. ಒಂದೇ ಉಬ್ಬನ್ನು ಹಿಂದಿನ ಚಕ್ರಗಳು ಸ್ವಲ್ಪ ತಡವಾಗಿ ಹಾಯುತ್ತವೆ; ಹಿಂಭಾಗ ಸ್ವಲ್ಪ ಬೇಗ ತೂಗಿದರೆ ಎರಡೂ ತುದಿಗಳು ಬೇಗ ಒಟ್ಟಿಗೆ ಬಂದು ವಾಹನ ಮುಂದಕ್ಕೂ ಹಿಂದಕ್ಕೂ ಜೀಕುವುದು ಕಡಿಮೆಯಾಗುತ್ತದೆ.

ಗಾಳಿ ತುಂಬಿದ ಶಾಕ್‌ಗಳು ಹಗುರ. ಪಂಪ್‌ನಿಂದ ಒತ್ತಡ ಬದಲಿಸಿ ಅವುಗಳ ಗಡುಸುತನವನ್ನು ಅಲ್ಲೇ ಹೊಂದಿಸಬಹುದು. ಆಮದು ಮಾಲಾದ್ದರಿಂದ ಬೆಲೆ ಹೆಚ್ಚು, ಮತ್ತು ದೀರ್ಘ ಓಟದಲ್ಲಿ ಶಾಕ್ ಬಿಸಿಯಾದಂತೆ ಒಳಗಿನ ಒತ್ತಡ ಏರುವುದರಿಂದ ಬೆಳಗಿನ ತಂಪಿನಲ್ಲಿ ಮಾಡಿದ ಹೊಂದಾಣಿಕೆ ಮಧ್ಯಾಹ್ನ ಉಳಿಯುವುದಿಲ್ಲ. ಹಣ ಇದ್ದರೆ ಕೊಳ್ಳಿ, ಆದರೆ ಸ್ಪರ್ಧೆಗೆ ಕನಿಷ್ಠ ಎರಡು ತಿಂಗಳು ಮೊದಲು ಕೈಗೆ ಬರುವಂತೆ ನೋಡಿಕೊಳ್ಳಿ.

ನಾಲ್ಕನೆಯ ಹಂತ: ಬಿಂದುಗಳು ಮತ್ತು ಚಾಲಕ, ಆಮೇಲೆ ಪೈಪು

ಈಗ ಆರ್ಮ್‌ಗಳ ಒಳತುದಿಗಳು, ಶಾಕ್‌ನ ಮೇಲ್ತುದಿಗಳು, ಸ್ಟಿಯರಿಂಗ್ ರ‍್ಯಾಕ್‌ನ ಎರಡು ತುದಿಗಳು, ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟ್‌ಗಳು, ಇಷ್ಟೂ ಬಿಂದುಗಳು ಬಯಲಿನಲ್ಲಿ ತೇಲುತ್ತಿರುತ್ತವೆ. ಇವುಗಳ ನಡುವೆ ಚಾಲಕನನ್ನು ಕೂರಿಸಬೇಕು. ಹೆಲ್ಮೆಟ್‌ನ ಸುತ್ತ 152 ಮಿ.ಮೀ., ಭುಜ, ಸೊಂಟ, ಮಂಡಿ ಮುಂತಾದ ಭಾಗಗಳ ಸುತ್ತ 76 ಮಿ.ಮೀ. ತೆರವು ಇರಬೇಕೆಂಬ ನಿಯಮವನ್ನು ಪರದೆಯ ಮೇಲಿನ ಗೊಂಬೆಯಿಂದ ಮಾತ್ರ ಪರೀಕ್ಷಿಸಿದರೆ ಸಾಲದು. ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪುಗಳಿಂದ ನಿಜವಾದ ಅಳತೆಯಲ್ಲೇ ಪಂಜರವನ್ನು ಕಟ್ಟಿ, ತಂಡದ ಅತಿ ಎತ್ತರದವರನ್ನೂ ಅತಿ ಕುಳ್ಳಗಿನವರನ್ನೂ ಹೆಲ್ಮೆಟ್, ನೆಕ್ ಸಪೋರ್ಟ್, ಕೈಗವಸು ಸಮೇತ ಕೂರಿಸಿ, ಬೆಲ್ಟ್ ಬಿಚ್ಚಿ ಐದು ಸೆಕೆಂಡಿನೊಳಗೆ ಎರಡೂ ಬದಿಯಿಂದ ಹೊರಬರಲು ಹೇಳಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮೊಣಕೈ ಪೈಪಿಗೆ ತಾಗುತ್ತದೆಯೇ, ಬ್ರೇಕ್ ಒತ್ತುವಾಗ ಮಂಡಿ ಸ್ಟಿಯರಿಂಗ್ ಕಾಲಮ್‌ಗೆ ಬಡಿಯುತ್ತದೆಯೇ ಎಂಬುದು ಹೀಗೆ ಮಾಡಿದಾಗಲೇ ಗೊತ್ತಾಗುತ್ತದೆ. ಕೆಲವು ನೂರು ರೂಪಾಯಿಯ ಪಿವಿಸಿಯನ್ನು ಕತ್ತರಿಸಿ ಮರುಜೋಡಿಸಬಹುದು. ಬೆಸೆದ ಉಕ್ಕನ್ನು ಹಾಗೆ ಮಾಡಲಾಗದು.

ಆಮೇಲೆ ಪೈಪುಗಳನ್ನು ಎಳೆಯುವಾಗ ಪಾಲಿಸಬೇಕಾದ ಮುಖ್ಯ ನಿಯಮ ಒಂದೇ: ಭಾರ ಬೀಳುವ ಬಿಂದು ಪೈಪುಗಳು ಸೇರುವ ಗಂಟಿನಲ್ಲಿರಬೇಕು. ಇದು ಎಷ್ಟು ಮುಖ್ಯವೆಂದು ಮೇಲಿನ ಲೆಕ್ಕದಿಂದಲೇ ತಿಳಿಯುತ್ತದೆ. ಚಕ್ರದ ಮೇಲಿನ ನಿಂತ ಭಾರದ ಮೂರು ಪಟ್ಟು ಹೊಡೆತ, ಅಂದರೆ ಸುಮಾರು 1,515 ನ್ಯೂಟನ್ ಬಿದ್ದಾಗ, ಮೋಷನ್ ರೇಷಿಯೊ 0.6 ಆದ್ದರಿಂದ ಶಾಕ್‌ನ ಮೇಲ್ತುದಿಗೆ ಬರುವುದು 2,525 ನ್ಯೂಟನ್. ಆ ತುದಿಯನ್ನು 400 ಮಿ.ಮೀ. ಉದ್ದದ ಪೈಪಿನ ನಡುವೆ ಹಿಡಿಸಿದ್ದರೆ, ತುದಿಗಳು ಸರಳವಾಗಿ ಆನಿಕೊಂಡಿವೆ ಎಂದು ಭಾವಿಸಿದಾಗ ಪೈಪನ್ನು ಬಗ್ಗಿಸುವ ಮೊಮೆಂಟ್ ಸುಮಾರು 252 ನ್ಯೂಟನ್-ಮೀಟರ್. ನಿಯಮ ಕೇಳುವ ಮೂಲ ಪೈಪು (ಅದರ ಅಳತೆ ಮುಂದಿನ ಹಂತದಲ್ಲಿದೆ) ಶಾಶ್ವತವಾಗಿ ಬಾಗಲು ಬೇಕಾದದ್ದು ಸುಮಾರು 387 ನ್ಯೂಟನ್-ಮೀಟರ್. ಒಂದು ಮಧ್ಯಮ ಗುಂಡಿಗೇ ಪೈಪಿನ ಶಕ್ತಿಯ ಮೂರನೆಯ ಎರಡರಷ್ಟು ಖರ್ಚಾಯಿತು. ಜಿಗಿದು ಬಿದ್ದು ಶಾಕ್ ತಳ ಹಿಡಿದರೆ ಉಳಿದದ್ದೂ ಹೋಗುತ್ತದೆ. ಅದೇ ಬಿಂದು ಎರಡು ಮೂರು ಪೈಪುಗಳು ಸೇರುವ ಗಂಟಿನಲ್ಲಿದ್ದರೆ ಭಾರ ಪೈಪಿನ ಉದ್ದಕ್ಕೂ ಹರಿದುಹೋಗುತ್ತದೆ, ಆಗ ತೆಳು ಪೈಪೂ ಧಾರಾಳವಾಗಿ ತಡೆದುಕೊಳ್ಳುತ್ತದೆ. ವಿನ್ಯಾಸದ ಪರೀಕ್ಷೆಯಲ್ಲಿ ರೋಲ್ ಕೇಜ್‌ಗೆ ಮುಂದಿನಿಂದ, ಬದಿಯಿಂದ, ಮೇಲಿನಿಂದ ಬಲ ಹಾಕಿ ಬಣ್ಣಬಣ್ಣದ ಚಿತ್ರ ತೋರಿಸುವ ತಂಡಗಳು ಸಸ್ಪೆನ್ಷನ್ ಬಿಂದುಗಳಲ್ಲಿ ಬಲ ಹಾಕಿ ನೋಡಿರುವುದು ಅಪರೂಪ. ವಾಹನ ದಿನವಿಡೀ ಹೊರುವುದು ಆ ಬಲಗಳನ್ನೇ.

ಚಲನೆಯ ಕೊನೆಯಲ್ಲಿ ಹೊಡೆತವನ್ನು ತಡೆಯುವ ಬಂಪ್ ಸ್ಟಾಪ್ ಎಲ್ಲಿ ಬಂದು ತಾಗುತ್ತದೆ ಎಂಬುದನ್ನೂ ಇದೇ ಹಂತದಲ್ಲಿ ಗುರುತಿಸಿ. ನಮ್ಮ ಉದಾಹರಣೆಯ ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಹೊರುವುದು ತನ್ನ ಪಾಲಿನ ನಿಂತ ಭಾರದ ಎರಡೂಕಾಲು ಪಟ್ಟು ಮಾತ್ರ. ಅದಕ್ಕಿಂತ ಮೇಲಿನದೆಲ್ಲ ಬಂಪ್ ಸ್ಟಾಪ್‌ನ ಹೊಣೆ.

ಐದನೆಯ ಹಂತ: ಪೈಪಿನ ಅಳತೆ ಮತ್ತು ಲೋಹ

ರೋಲ್ ಕೇಜ್‌ನ ಪ್ರಾಥಮಿಕ ಪೈಪುಗಳಿಗೆ ನಿಯಮ ಕೊಡುವ ಮೂಲ ಅಳತೆ ಒಂದು ಇಂಚಿನ ಹೊರವ್ಯಾಸ, 3 ಮಿ.ಮೀ. ಗೋಡೆ, ಕನಿಷ್ಠ 0.18 ಶೇಕಡಾ ಇಂಗಾಲವಿರುವ ಉಕ್ಕು. ಬಾಗುವಿಕೆಯ ಗಡುಸುತನ ಮತ್ತು ಶಕ್ತಿ ಎರಡರಲ್ಲೂ ಇದಕ್ಕೆ ಕಡಿಮೆಯಾಗದ ಬೇರೆ ಪೈಪನ್ನೂ ಬಳಸಬಹುದು, ಆದರೆ ಗೋಡೆ 1.57 ಮಿ.ಮೀ.ಗಿಂತ ತೆಳುವಾಗಿರಬಾರದು. 25.4 ಮಿ.ಮೀ. ವ್ಯಾಸದ, 3 ಮಿ.ಮೀ. ಗೋಡೆಯ ಪೈಪು ಮೀಟರಿಗೆ 1.66 ಕೆ.ಜಿ. ತೂಗುತ್ತದೆ. 31.75 ಮಿ.ಮೀ. ವ್ಯಾಸದ, 1.65 ಮಿ.ಮೀ. ಗೋಡೆಯ 4130 ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) ಪೈಪು ಮೀಟರಿಗೆ 1.22 ಕೆ.ಜಿ. ಮಾತ್ರ ತೂಗುತ್ತದೆ, ಆದರೆ ಬಾಗುವಿಕೆಯ ಗಡುಸುತನದಲ್ಲಿ ಸುಮಾರು 30 ಶೇಕಡಾ ಮುಂದಿದೆ. ಒಂದು ವಾಹನಕ್ಕೆ 30 ಮೀಟರ್ ಪೈಪು ಬೇಕಾದರೆ 13 ಕೆ.ಜಿ. ಉಳಿತಾಯ, 10 ಅಶ್ವಶಕ್ತಿಯ ವಾಹನಕ್ಕೆ ಅದು ದೊಡ್ಡ ಲಾಭ.

ಗಮನಿಸಿ, ಈ ಗಡುಸುತನ ಬಂದದ್ದು ದೊಡ್ಡ ವ್ಯಾಸದಿಂದ. ಉಕ್ಕು ಯಾವುದೇ ಆದರೂ ಅದರ ಸ್ಥಿತಿಸ್ಥಾಪಕ ಗುಣಾಂಕ ಹೆಚ್ಚುಕಡಿಮೆ ಒಂದೇ. ಕ್ರೋಮೊಲಿಯಿಂದ ಹೆಚ್ಚುವುದು ಶಕ್ತಿ ಮಾತ್ರ. ಆದ್ದರಿಂದ ಕ್ರೋಮೊಲಿಗೆ ಹಣವಿಲ್ಲದ ತಂಡ 1018 ದರ್ಜೆಯ ಉಕ್ಕಿನಲ್ಲೇ ದೊಡ್ಡ ವ್ಯಾಸದ ಪೈಪು ಆರಿಸಿ ಲೆಕ್ಕ ಮಾಡಿ ನೋಡಬೇಕು. ಪೈಪನ್ನು ಎಲ್ಲಿಂದ ಕೊಂಡರೂ ಲೋಹದ ದರ್ಜೆ ತೋರಿಸುವ ತಯಾರಕರ ಮಿಲ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ, ಅದಲ್ಲದೆ ಪೈಪಿನ ಒಂದು ತುಂಡನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು ರಾಸಾಯನಿಕ ಮತ್ತು ಕರ್ಷಣ ಪರೀಕ್ಷೆ ಮಾಡಿಸಿ. ಅಂಗಡಿಯವರು ಬಾಯಿಮಾತಿನಲ್ಲಿ ಹೇಳುವ ದರ್ಜೆಯನ್ನು ನಂಬಿ ಒಬ್ಬ ವಿದ್ಯಾರ್ಥಿಯ ತಲೆಯ ಮೇಲೆ ಕೇಜ್ ಕಟ್ಟಬಾರದು.

ಆರನೆಯ ಹಂತ: ಕತ್ತರಿಸುವುದು, ಬೆಸೆಯುವುದು

ಪೈಪಿನ ತುದಿಯನ್ನು ಇನ್ನೊಂದು ಪೈಪಿನ ದುಂಡಿಗೆ ಕೂರುವಂತೆ ಮೀನಿನ ಬಾಯಿಯ ಆಕಾರದಲ್ಲಿ ಕತ್ತರಿಸಬೇಕು. ಆ ಆಕಾರವನ್ನು ಕಾಗದದ ಮೇಲೆ ಮುದ್ರಿಸಿ, ಪೈಪಿಗೆ ಸುತ್ತಿ, ಗೆರೆ ಎಳೆದು ಕತ್ತರಿಸಿ ಅರ ಹಾಕಿ. ಬೆಳಕಿಗೆ ಹಿಡಿದಾಗ ಸಂದು ಕಾಣಬಾರದು. ಸಂದನ್ನು ವೆಲ್ಡಿಂಗ್ ತುಂಬುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ತುಂಬಿದಷ್ಟೂ ಶಾಖ, ಶಾಖವಿದ್ದಷ್ಟೂ ಎಳೆತ. ತೆಳು ಗೋಡೆಯ ಕ್ರೋಮೊಲಿಗೆ ಟಿಗ್ ವೆಲ್ಡಿಂಗ್ ಸೂಕ್ತ, ಬೆಸೆದ ಗಂಟು ತಾನಾಗಿ ಗಾಳಿಯಲ್ಲಿ ಆರಬೇಕು. ನೀರು ಸುರಿದು ಅಥವಾ ಒದ್ದೆ ಬಟ್ಟೆ ಒತ್ತಿ ತಣಿಸಿದರೆ ಬೆಸುಗೆಯ ಪಕ್ಕದ ಉಕ್ಕು ಪೆಡಸಾಗುತ್ತದೆ.

ಇಡೀ ಪಂಜರವನ್ನು ಸಮತಟ್ಟಾದ ಉಕ್ಕಿನ ಮೇಜಿನ ಮೇಲೆ ಫಿಕ್ಸ್ಚರ್‌ನಲ್ಲಿ ಹಿಡಿದು, ಮೊದಲು ಎಲ್ಲ ಗಂಟುಗಳಿಗೂ ಟ್ಯಾಕ್ (ಚಿಕ್ಕ ತಾತ್ಕಾಲಿಕ ಬೆಸುಗೆ) ಹಾಕಿ, ಅಳತೆ ನೋಡಿ, ಆಮೇಲೆ ಎಡಕ್ಕೊಂದು ಬಲಕ್ಕೊಂದರಂತೆ ಪೂರ್ತಿ ಬೆಸೆಯಿರಿ. ಸಸ್ಪೆನ್ಷನ್ ಬ್ರ್ಯಾಕೆಟ್‌ಗಳು ಕೊನೆಗೆ ಬರಲಿ. ಪಂಜರ ಎಷ್ಟೇ ಎಚ್ಚರದಿಂದ ಬೆಸೆದರೂ ಒಂದೆರಡು ಮಿಲಿಮೀಟರ್ ಎಳೆದುಕೊಂಡಿರುತ್ತದೆ. ನಾಲ್ಕೂ ಚಕ್ರಗಳ ಬ್ರ್ಯಾಕೆಟ್‌ಗಳನ್ನು ಒಂದೇ ಜಿಗ್‌ನಿಂದ, ಮೇಜಿನ ಮಧ್ಯರೇಖೆಯನ್ನು ಆಧರಿಸಿ ಕೂರಿಸಿದರೆ ಆ ಎಳೆತ ಸಸ್ಪೆನ್ಷನ್‌ವರೆಗೆ ತಲುಪುವುದಿಲ್ಲ. ಬ್ರ್ಯಾಕೆಟ್‌ಗಳು ಬೋಲ್ಟನ್ನು ಎರಡೂ ಬದಿಯಿಂದ ಹಿಡಿಯುವಂತಿರಲಿ, ಬೋಲ್ಟಿನ ತಿರುಪು (ಥ್ರೆಡ್) ಇರುವ ಭಾಗ ಬ್ರ್ಯಾಕೆಟ್‌ನ ಗೋಡೆಯೊಳಗೆ ಬರದಿರಲಿ.

ಏಳನೆಯ ಹಂತ: ಅಳೆದು ನೋಡುವುದು, ಓಡಿಸಿ ನೋಡುವುದು

ಸ್ಪ್ರಿಂಗ್‌ಗಳನ್ನು ತೆಗೆದು, ಚಾಸಿಯನ್ನು ಸ್ಟ್ಯಾಂಡ್‌ಗಳ ಮೇಲೆ ಅಲುಗಾಡದಂತೆ ಕೂರಿಸಿ, ಸ್ಟಿಯರಿಂಗ್ ಅನ್ನು ನೇರವಾಗಿ ಬಿಗಿದು, ಮುಂದಿನ ಚಕ್ರವನ್ನು ಜಾಕ್‌ನಿಂದ 25 ಮಿ.ಮೀ.ಯಂತೆ ಮೇಲೆತ್ತುತ್ತ ಹೋಗಿ. ಪ್ರತಿ ಹಂತದಲ್ಲೂ ಹಬ್‌ಗೆ ಕಟ್ಟಿದ ಹಲಗೆಯ ಮುಂದಿನ ಮತ್ತು ಹಿಂದಿನ ಅಂಚುಗಳಿಂದ ಒಂದು ಸ್ಥಿರ ರೇಖೆಗೆ ಇರುವ ದೂರವನ್ನು ಬರೆದಿಡಿ. ಎರಡರ ವ್ಯತ್ಯಾಸ ಬದಲಾಗುತ್ತಿದ್ದರೆ ಚಕ್ರ ಏರುವಾಗ ತಾನಾಗಿ ತಿರುಗುತ್ತಿದೆ ಎಂದರ್ಥ. ಟೈ ರಾಡ್‌ನ ಒಳತುದಿ, ಮೇಲಿನ ಮತ್ತು ಕೆಳಗಿನ ಆರ್ಮ್‌ಗಳ ಒಳಕೀಲುಗಳನ್ನು ಸೇರಿಸುವ ರೇಖೆಯಿಂದ ದೂರ ಸರಿದಿರುವುದೇ ಇದಕ್ಕೆ ಬಹುಪಾಲು ಕಾರಣ. ರ‍್ಯಾಕ್‌ನ ಕೆಳಗೆ ತೆಳು ತಗಡುಗಳನ್ನಿಟ್ಟು ಎತ್ತರ ಹೊಂದಿಸಿ ಮತ್ತೆ ಅಳೆಯಿರಿ. ಇದೇ ವೇಳೆ ಬ್ರೇಕ್ ಹೋಸ್ ಎಳೆಯುತ್ತದೆಯೇ, ಟೈರು ಆರ್ಮ್‌ಗೆ ಉಜ್ಜುತ್ತದೆಯೇ ಎಂಬುದನ್ನು ಚಕ್ರ ಪೂರ್ತಿ ತಿರುಗಿಸಿದ ಸ್ಥಿತಿಯಲ್ಲೂ ನೋಡಿ.

ಚಾಸಿಯ ತಿರುಚು ಗಡುಸನ್ನು ಅಳೆಯಲು ಹಿಂಭಾಗವನ್ನು ಮೇಜಿಗೆ ಬಿಗಿದು, ಮುಂಭಾಗಕ್ಕೆ ಅಡ್ಡಲಾಗಿ ಒಂದು ತೊಲೆ ಕಟ್ಟಿ, ಮಧ್ಯದಿಂದ ಒಂದು ಮೀಟರ್ ದೂರದಲ್ಲಿ 50 ಕೆ.ಜಿ. ತೂಗುಬಿಟ್ಟರೆ 490 ನ್ಯೂಟನ್-ಮೀಟರ್ ತಿರುಚುಬಲ ಸಿಗುತ್ತದೆ. ತೊಲೆಯ ನಡುವಿಗೆ ಆಧಾರ ಕೊಟ್ಟಿರಬೇಕು, ಇಲ್ಲವಾದರೆ ಚಾಸಿ ತಿರುಚುವುದರ ಜೊತೆಗೆ ಬಾಗುತ್ತದೆ. ಡಯಲ್ ಗೇಜ್‌ನಿಂದ ಎರಡೂ ಬದಿಯ ಸರಿತ ಅಳೆದು ಕೋನ ಲೆಕ್ಕ ಹಾಕಿ. ವಿನ್ಯಾಸ ತೀರ್ಪುಗಾರರ ಮುಂದೆ ಹೀಗೆ ಅಳೆದ ಒಂದು ಸಂಖ್ಯೆ ಇಟ್ಟರೆ ಅದಕ್ಕಿರುವ ಬೆಲೆಯೇ ಬೇರೆ.

ಇದು ರಸ್ತೆಗೆ ನೋಂದಣಿಯಾದ ವಾಹನವಲ್ಲ. ಕಾಲೇಜಿನ ಮೈದಾನ ಅಥವಾ ಅನುಮತಿ ಪಡೆದ ಖಾಸಗಿ ಜಾಗದಲ್ಲಿ, ಹೆಲ್ಮೆಟ್, ಬೆಲ್ಟ್, ಕಿಲ್ ಸ್ವಿಚ್, ಬೆಂಕಿ ನಂದಿಸುವ ಸಾಧನ ಎಲ್ಲವೂ ಇದ್ದಾಗ ಮಾತ್ರ ಓಡಿಸಿ. ಪ್ರತಿ ಓಟದ ನಂತರ ಬೋಲ್ಟ್‌ಗಳಿಗೆ ಹಾಕಿದ ಬಣ್ಣದ ಗೆರೆಗಳು ಸರಿದಿವೆಯೇ ನೋಡಿ, ಆರ್ಮ್‌ಗಳ ಬೆಸುಗೆಯನ್ನು ಒರೆಸಿ ಬಿರುಕು ತೋರಿಸುವ ಡೈ ಹಾಕಿ ಪರೀಕ್ಷಿಸಿ. ಮೊದಲು ಬಿರುಕು ಬಿಡುವುದು ಹೆಚ್ಚಾಗಿ ಶಾಕ್‌ನ ಕೆಳತುದಿಯ ಬ್ರ್ಯಾಕೆಟ್ ಆರ್ಮ್‌ಗೆ ಸೇರುವ ಜಾಗದಲ್ಲಿ. ಅಲ್ಲಿ ಬಿರುಕು ಕಂಡರೆ ಅದರ ಮೇಲೆಯೇ ಮತ್ತೆ ಬೆಸೆದು ಮುಚ್ಚಬೇಡಿ. ಬ್ರ್ಯಾಕೆಟ್‌ನ ಅಡಿಯನ್ನು ಅಗಲಿಸಿ ಹೊಸ ಆರ್ಮ್ ಮಾಡಿ.

ಪೀಥಂಪುರಕ್ಕೆ ಹೊರಡುವಾಗ ಜಿಗ್‌ಗಳನ್ನು ಕಳಚಿ ಗುಜರಿಗೆ ಹಾಕದೆ ಜೊತೆಗೇ ಒಯ್ಯಿರಿ. ಪ್ರತಿ ಮಾದರಿಯ ಆರ್ಮ್‌ಗೆ ಒಂದೊಂದು, ಮುಂದಿನ ಕೆಳ ಆರ್ಮ್‌ಗೆ ಮಾತ್ರ ಎರಡು, ಜೊತೆಗೆ ಟೈ ರಾಡ್‌ಗಳು, ರಾಡ್ ಎಂಡ್‌ಗಳು, ಒಂದು ಡ್ರೈವ್ ಶಾಫ್ಟ್, ಎಲ್ಲ ಅಳತೆಯ ಬೋಲ್ಟ್‌ಗಳು ಮತ್ತು ನೈಲಾಕ್ ನಟ್‌ಗಳು ಪೆಟ್ಟಿಗೆಯಲ್ಲಿರಬೇಕು. ಬಿಡಿ ಆರ್ಮ್‌ಗಳನ್ನು ಹೊರಡುವ ಮೊದಲೇ ಒಮ್ಮೆ ವಾಹನಕ್ಕೆ ಹಾಕಿ, ಅಲೈನ್‌ಮೆಂಟ್ ನೋಡಿ, ಎಡ ಬಲ ಗುರುತು ಬರೆದು ಪೆಟ್ಟಿಗೆಗೆ ಇಡಿ.